ಬಿದ್ದವನನ್ನು ಎತ್ತುವ ಕಟ್ಟಳೆ

ಹೊಳೆದಂಡೆಯಲ್ಲಿ ಒಂದು ಕಲ್ಲುಮಂಟಪ. ಅದರೊಳಗೆ ಅಡವಯ್ಯ ಎಂಬ ಗುರು. ಅವರ ಮುಂದೆ ಐದು ಮರದ ಮಣೆ. ಯಾವ ಹೊಳೆ, ಯಾವ ಊರು ಅಂತ ಕೇಳಬೇಡಿ. ಪಾಳೆಯಗಾರರ ಕಾಲದ ಮಾತು, ಹೇಳಿದವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಡವಯ್ಯನವರು ಹಿಂದೆ ಸಿಪಾಯಿಯಾಗಿದ್ದವರು. ಕತ್ತಿ ಕೆಳಗಿಟ್ಟ ಮೇಲೆ ಉಳಿ ಹಿಡಿದರು. ಒಂದೊಂದಕ್ಕೆ ನಾಲ್ಕೈದು ವರ್ಷ ಹಿಡಿದು ಕಾಳಗದಾಟದ ಐದು ಮಣೆ ಕೆತ್ತಿದರು. ಹೊಳೆದಾಟು, ಸಂತೆಪೇಟೆ, ಗುಡ್ಡದ ಬಾಗಿಲು, ಕಬ್ಬಿನಗದ್ದೆ, ಹಾಳುಕೋಟೆ.

ಆನೆ ಅಂಬಾರಿಯ ದೊಡ್ಡ ದಂಡಿನ ಆಟ ಅಲ್ಲ ಇದು. ಈ ಕಡೆ ಹತ್ತು ಆಳು, ಆ ಕಡೆ ಹತ್ತು ಆಳು. ಕವಡೆ ಬಿದ್ದಂತೆ ಹೊಡೆದಾಟ, ಅಷ್ಟೇ. ಆದರೂ ಒಮ್ಮೆ ಆಡಲು ಕೂತವನನ್ನು ಹೆಂಡತಿ ಬಂದು ಕರೆದರೂ ಏಳುತ್ತಿರಲಿಲ್ಲ.

ಗುರುಗಳಿಗಂತೂ ಏಳಲಿಕ್ಕೇ ಆಗುತ್ತಿರಲಿಲ್ಲ. ಒಂದು ಮಂಡಿ ವಯಸ್ಸಿಗೆ ಹೋಗಿತ್ತು, ಇನ್ನೊಂದು ಹಳೇ ಈಟಿಯ ಗಾಯಕ್ಕೆ. ದಿನಾ ಸಂಜೆ ಅವರನ್ನು ಎತ್ತಲು ಇಬ್ಬರು ಬೇಕು. ಬಲಗಡೆ ಶಿಷ್ಯ ಕೇತಣ್ಣ, ಎಡಗಡೆ ಹರಿಗೋಲಿನ ಮಾಳಿಂಗ. ಒಂದು ಸಲ ಮಾಳಿಂಗ ಬರುವುದು ತಡವಾಯಿತು ಅಂತ ಕೇತಣ್ಣ ಒಬ್ಬನೇ ಎತ್ತಲು ಹೋಗಿ, ಗುರು ಶಿಷ್ಯರಿಬ್ಬರೂ ದೊಪ್ಪನೆ ಬಿದ್ದಿದ್ದರು.

ಕೇತಣ್ಣ ಹನ್ನೆರಡು ವರ್ಷದಿಂದ ಅವರ ಶಿಷ್ಯ. ಆಟದಲ್ಲಿ ಅವನನ್ನು ಸೋಲಿಸುವವರೇ ಇಲ್ಲ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು.

ಒಂದು ದಿನ ಗುರುಗಳು ಹೇಳಿದರು: "ಕೇತಾ, ಕಣ್ಣು ಮಂಜಾಯ್ತು. ಇನ್ನು ನಾನು ಕೆತ್ತೋದು ಅಷ್ಟರಲ್ಲೇ ಇದೆ. ಆಟದ ಕಟ್ಟಳೆಯನ್ನೆಲ್ಲ ಹೊಸದಾಗಿ ಬರೆದು ತಾ. ಆಡೋರನ್ನೂ ಒಂದು ಮಾತು ಕೇಳು."

"ಬರೆದ ಮೇಲೆ?"

"ಬರೆದದ್ದು ನನಗೆ ಒಪ್ಪಿಗೆಯಾದರೆ ಮಣೆ ನಿನ್ನದು. ಇಲ್ಲದಿದ್ದರೆ ಹೊಳೆಯದು."

ಹನ್ನೆರಡು ವರ್ಷ ಕೇತಣ್ಣ ಬಯಸಿದ್ದು ಅದೊಂದನ್ನೇ. ಅವರು ಹೊಳೆಗೆ ಬಿಡುತ್ತೇನೆ ಅಂದರೆ ಬಿಡುವವರೇ, ಅದೂ ಅವನಿಗೆ ಗೊತ್ತಿತ್ತು.

ಕರಿಬಟ್ಟೆಯ ಕಡತ, ಬಳಪ ಹಿಡಿದು ಊರೆಲ್ಲ ಅಲೆದ. ಎಂಟು ದಿನಕ್ಕೆ ತಿರುಗಿ ಬಂದು ಗುರುಗಳ ಎದುರು ಕೂತ.

"ಹೆಸರು ಹೇಳಬೇಡ," ಅಂದರು ಗುರುಗಳು. "ಮಾತು ಮಾತ್ರ ಓದು."

ಕೇತಣ್ಣ ಓದಿದ: "ಮಣೆ ಅಂದ್ರೆ ಮೊದಲನೇದು. ಆಮೇಲಿನ ನಾಲ್ಕರಲ್ಲಿ ಗುರುಗಳು ಸುಮ್ಮನೆ ಮರ ಹಾಳು ಮಾಡಿದಾರೆ."

"ಶ್ಯಾನುಭೋಗ ತಿಮ್ಮರಸ. ಅವನಿಗೆ ಎರಡನೇದು ಇನ್ನೂ ಬರಲ್ಲ."

"ಕುದುರೆ ಇನ್ನೆರಡು ಮನೆ ಹೆಚ್ಚಿಗೆ ಓಡಬೇಕು."

"ಗಾಣಿಗರ ಈರಭದ್ರ. ಮನೇಲಿ ದಿನವಿಡೀ ಎತ್ತು ಸುತ್ತಿದಲ್ಲೇ ಸುತ್ತೋದು ನೋಡಿ ನೋಡಿ ಸಾಕಾಗಿರುತ್ತೆ, ಪಾಪ."

"ಬಿಲ್ಲಾಳು ದಂಡ. ಶತ್ರು ಹತ್ತಿರ ಹೋದ ಅಂದ್ರೆ ಸತ್ತ."

"ಪೂಜಾರಿ ಕರಿಯಪ್ಪ. ಬಿಲ್ಲು ಹಿಡಿದವನನ್ನ ಹತ್ತಿರ ಯಾಕೆ ಕಳಿಸ್ತಾನೆ ಅಂತ ನೀನು ಕೇಳಲಿಲ್ವಾ?"

"ಕವಡೆಯಲ್ಲೇ ಏನೋ ಮೋಸ ಇದೆ."

"ಅದು ಯಾರಂತ ಹೇಳೋದು, ಸೋತವರೆಲ್ಲ ಹೇಳ್ತಾರೆ."

ಕೇತಣ್ಣನಿಗೆ ನಗು ತಡೆಯಲಾಗಲಿಲ್ಲ. ಗುರುಗಳೂ ನಕ್ಕರು. ಅದೇ ಗುಂಗಿನಲ್ಲಿ ಅವನು ಕೊನೆಯದನ್ನೂ ಓದಿದ.

"ಬಿದ್ದವನನ್ನು ಎತ್ತುವ ಕಟ್ಟಳೆ ತೆಗೆಯಬೇಕು. ಆಟ ತಡವಾಗುತ್ತೆ."

ಆ ಕಟ್ಟಳೆ ಬೇರೆ ಯಾವ ಆಟದಲ್ಲೂ ಇರಲಿಲ್ಲ. ಹೊಡೆತ ತಿಂದ ಕಾಯಿಯನ್ನು ಹೊರಗೆ ಹಾಕುವಂತಿಲ್ಲ. ಬಿದ್ದ ಮನೆಯಲ್ಲೇ ಮಲಗಿಸಬೇಕು. ಅದನ್ನು ದಾಟಿ ಯಾರೂ ಹೋಗುವಂತಿಲ್ಲ. ಅವನ ಕಡೆಯ ಇಬ್ಬರು ಆಳು ಅಕ್ಕಪಕ್ಕ ಬಂದು ನಿಂತು, ಒಂದು ಸರದಿ ಬಿಟ್ಟುಕೊಟ್ಟು, ಎತ್ತಿ ಹೊರಗೆ ಒಯ್ದರೆ ಮಾತ್ರ ದಾರಿ. ಓಡುವ ಆಟ ಆಡುವವನಿಗೆ ಇದರಷ್ಟು ತಲೆನೋವು ಇನ್ನೊಂದಿಲ್ಲ.

ಗುರುಗಳ ನಗು ನಿಂತಿತು. "ಇದು ಯಾರ ಮಾತು?"

"ಎಲ್ಲರದೂ," ಅಂದ ಕೇತಣ್ಣ.

ಸುಳ್ಳು. ಅದು ಅವನದೊಬ್ಬನದೇ ಮಾತು. ತನ್ನದು ಅಂದರೆ ನಡೆಯುವುದಿಲ್ಲ, ಊರವರದು ಅಂದರೆ ನಡೆದೀತು ಅಂತ ಅವನ ಲೆಕ್ಕಾಚಾರ.

"ಮಾಳಿಂಗನದೂ ಇದೇ ಮಾತಾ?"

"ಅವನನ್ನ ಕೇಳಲಿಲ್ಲ, ಗುರುಗಳೇ. ಅವನು ಒಂದಾಟವನ್ನೂ ಗೆದ್ದವನಲ್ಲ. ಅವನನ್ನೇನು ಕೇಳೋದು?"

"ಯಾಕೆ ಗೆಲ್ಲಲ್ಲ ಅಂತ ನೋಡಿದೀಯಾ?"

"ನೋಡದೆ ಏನು? ಎದುರಿನವನು ಕೋಟೆ ಬಾಗಿಲಿಗೆ ಬಂದಿರ್ತಾನೆ, ಇವನು ಬಿದ್ದವರನ್ನ ಎತ್ತುತ್ತಾ ಕೂತಿರ್ತಾನೆ."

ಗುರುಗಳು ಹೂಂ ಅಂದರು, ಅಷ್ಟೇ. ಆಮೇಲೆ ಕೇಳಿದರು: "ಕಡತದಲ್ಲಿ ಆ ಕಟ್ಟಳೆ ಇದೆಯೋ, ಒರೆಸಿದೆಯೋ?"

"ಒರೆಸಿದೆ."

"ಹಾಗಾದ್ರೆ ಬಾ, ಅದಿಲ್ಲದೇ ಒಂದಾಟ ಆಡೋಣ. ಹೊಳೆದಾಟು ಮಣೆ ಹಾಕು. ಬಿದ್ದವರಿಗೆ ಆ ಬುಟ್ಟಿ ಇಟ್ಟುಕೋ."

ಆಡಿದರು. ಗುರುಗಳು ಬೆರಳಲ್ಲಿ ತಡವಿ ತಡವಿ ಕಾಯಿ ನಡೆಸಿದರು. ಕೇತಣ್ಣ ಗಾಳಿಯಂತೆ ಓಡಿಸಿದ. ದಾರಿಯಲ್ಲಿ ಯಾರ ಅಡ್ಡಿಯೂ ಇಲ್ಲ. ಬಿದ್ದ ಕಾಯಿ ಬುಟ್ಟಿಗೆ, ಮುಂದಿನದು ಹೊಳೆಗೆ. ಒಂದು ಎಲೆಅಡಿಕೆ ಜಗಿದು ಉಗಿಯುವಷ್ಟರಲ್ಲಿ ಆಚೆ ದಡ ಮುಟ್ಟಿಬಿಟ್ಟ.

"ಗೆದ್ದೆಯಪ್ಪಾ," ಅಂದರು ಗುರುಗಳು. "ಬೇಗನೇ ಗೆದ್ದೆ."

ಕೇತಣ್ಣ ಒಳಗೊಳಗೇ ಹಿಗ್ಗಿದ. ಇನ್ನೇನು ಮಣೆ ಕೈಗೆ ಬಂದ ಹಾಗೇ ಅಂದುಕೊಂಡ.

"ನಿನ್ನ ಕಡೆ ಆರು ಜನ ಬಿದ್ದರು. ಯಾರ್ಯಾರು?"

"ಈಟಿಯವರು ಮೂವರು, ಬಿಲ್ಲಾಳು ಇಬ್ಬರು, ಒಂದು ಕುದುರೆ."

"ಹೆಸರು ಕೇಳಿದ್ದು."

ಕಾಯಿಗಳಿಗೆಲ್ಲ ಹೆಸರಿತ್ತು, ನಿಜ. ಒಂದೊಂದರ ಅಡಿಯಲ್ಲೂ ಗುರುಗಳು ಕೆತ್ತಿದ್ದರು. ಅಂದಕ್ಕೆ ಕೆತ್ತಿದ್ದು ಅಂತ ಕೇತಣ್ಣ ತಿಳಿದಿದ್ದ. ಈಗ ಬುಟ್ಟಿಗೆ ಕೈ ಹಾಕಲು ಹೋದ. ಗುರುಗಳು ಬುಟ್ಟಿಯ ಬಾಯಿಗೆ ಅಂಗೈ ಮುಚ್ಚಿದರು.

"ನೋಡದೆ ಹೇಳು."

ಒಂದು ಹೆಸರು ನೆನಪಾಯಿತು, ಅದೂ ತಪ್ಪು.

"ಎಲ್ಲೆಲ್ಲಿ ಬಿದ್ದರು? ಅದನ್ನಾದರೂ ಹೇಳು."

ಮಣೆ ನೋಡಿದ. ಖಾಲಿ ಮನೆಗಳು. ಎಲ್ಲಾ ಒಂದೇ ಥರ ಕಂಡವು.

"ಗುರುಗಳೇ, ಎಷ್ಟಾದ್ರೂ ಅವು ಮರದ ಕಾಯಿ," ಅಂದ. ಅಂದ ಮೇಲೆ ತನಗೇ ಸರಿ ಕಾಣಲಿಲ್ಲ.

"ಹೌದು, ಮರದ್ದೇ." ಗುರುಗಳು ಬುಟ್ಟಿಗೆ ಕೈ ಹಾಕಿ ಒಂದನ್ನು ತಡವಿ ತೆಗೆದರು. ಅಡಿಯನ್ನು ಹೆಬ್ಬೆರಳಲ್ಲಿ ಉಜ್ಜಿದರು. "ಇವನು ಸಿಂಗ. ಆವತ್ತು ಹತ್ತು ಜನ ಹೊಳೆ ದಾಟಿದ್ದು ನಾವು. ಮೊಣಕಾಲುದ್ದ ನೀರು. ನನ್ನ ಮುಂದೆ ಇದ್ದವನು ಇವನೇ. ಬಾಣ ತಾಗಿ ಬೋರಲು ಬಿದ್ದ. ಅವನ ಬೆನ್ನ ಮೇಲೆ ಕಾಲಿಟ್ಟು ದಾಟಿದೆ."

"ಸತ್ತುಹೋಗಿದ್ನಾ?"

"ನೋಡಲಿಲ್ಲ. ತಡವಾಗ್ತಿತ್ತು."

ಹೊಳೆ ತನ್ನ ಪಾಡಿಗೆ ಹರಿಯುತ್ತಿತ್ತು. ಕೇತಣ್ಣನಿಗೆ ಗುರುಗಳ ಮುಖ ನೋಡಲಾಗಲಿಲ್ಲ. ಹನ್ನೆರಡು ವರ್ಷದಲ್ಲಿ ಸಿಂಗನನ್ನು ಅವನು ಎಷ್ಟು ಸಲ ಆ ನೀರಿನಲ್ಲಿ ಕೆಡವಿದ್ದನೋ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು, ಮಣೆ ಹೋಯಿತು ಅಂತ. ಹೋದರೆ ಹೋಗಲಿ, ಇನ್ನು ಸುಳ್ಳು ಮಾತ್ರ ಬೇಡ ಅನ್ನಿಸಿತು.

"ಗುರುಗಳೇ, ಅದು ಎಲ್ಲರ ಮಾತಲ್ಲ. ನನ್ನ ಮಾತು."

"ಗೊತ್ತು. ನಮ್ಮೂರವರು ಎಲ್ಲರೂ ಸೇರಿ ಒಂದೇ ಮಾತು ಆಡಿದ್ದನ್ನ ನಾನಿನ್ನೂ ಕೇಳಿಲ್ಲ."

ಕೇತಣ್ಣ ಬಳಪ ತೆಗೆದ. ಒರೆಸಿದ ಜಾಗದಲ್ಲೇ ಆ ಕಟ್ಟಳೆಯನ್ನು ತಿರುಗಿ ಬರೆದ. ಬರೆದದ್ದನ್ನು ಓದಿ ಹೇಳಿದ. ಗುರುಗಳು ಸರಿ ಅನ್ನಲಿಲ್ಲ, ತಪ್ಪು ಅಂತಲೂ ಅನ್ನಲಿಲ್ಲ.

ಅವನು ಬುಟ್ಟಿಯ ಕಾಯಿಗಳನ್ನು ಒಂದೊಂದಾಗಿ ತೆಗೆದು, ಅಡಿಯ ಹೆಸರು ಓದಿ, ಡಬ್ಬಿಯಲ್ಲಿಟ್ಟ. ಇಪ್ಪತ್ತನ್ನೂ ಹಾಗೇ ಇಟ್ಟ. ಐದು ಮಣೆಗಳನ್ನೂ ಒಂದರ ಮೇಲೊಂದು ಪೇರಿಸಿದ. ಆಮೇಲೆ ಕೇಳಿಯೇಬಿಟ್ಟ:

"ಇವನ್ನ ಎಲ್ಲಿಗೆ ಒಯ್ಯಲಿ? ಹೊಳೆಗಾ?"

ಉತ್ತರಕ್ಕೆ ಕಾಯದೆ ಕೇತಣ್ಣ ಬಗ್ಗಿ ಮಣೆಗಳಿಗೆ ಕೈ ಹಾಕಿದ. ಹಲಸಿನ ಮರದವು, ಐದೂ ಸೇರಿ ಹೆಣಭಾರ. ಒಂದು ಸಲ ಎಳೆದ. ಮತ್ತೆ ಉಸಿರು ಬಿಗಿಹಿಡಿದು ಎಳೆದ. ಮಣೆ ಮಿಸುಕಲಿಲ್ಲ.

ಹೊತ್ತು ಇಳಿದಿತ್ತು. ಮಾಳಿಂಗ ಹರಿಗೋಲನ್ನು ಮರಳಿಗೆ ಎಳೆದು ಹಾಕುವ ಸದ್ದು ಕೇಳಿಸಿತು.

ಗುರುಗಳು ಎರಡೂ ತೋಳು ಅಗಲಿಸಿ ಚಾಚಿದರು, ಬಲಗಡೆ ಒಬ್ಬನಿಗೆ, ಎಡಗಡೆ ಒಬ್ಬನಿಗೆ.

"ಹೋಗು, ಮಾಳಿಂಗನ್ನ ಕರಕೊಂಡು ಬಾ. ಮಣೆ ನಿಮ್ಮಿಬ್ಬರದೂ. ಮೊದಲು ನನ್ನನ್ನ ಎತ್ತಿ."