ಮುಳುಗಿದ ಊರು ನೋಡಲು ಬಂದ ಮೀನುಮರಿಗಳು

ಅಣೆಕಟ್ಟಿನ ನೀರಿನಲ್ಲಿ ಮುಳುಗಿಹೋದ ಊರೊಂದಿತ್ತು. ಆ ಊರಿನ ಬಾವಿಯಲ್ಲೇ ಹುಟ್ಟಿದ್ದ ಮುದಿ ಆಮೆ, ಹೊಸದಾಗಿ ಬಂದ ಮೀನುಮರಿಗಳಿಗೆ ಊರನ್ನು ಸುತ್ತಿ ತೋರಿಸುತ್ತಿತ್ತು.

"ಈ ಮನುಷ್ಯರು ನೀರಿನೊಳಗೆ ಯಾಕೆ ಮನೆ ಕಟ್ಟಿದರು?" ಎಂದು ಒಂದು ಮರಿ ಕೇಳಿತು. ಪ್ರತಿ ತಂಡವೂ ಕೇಳುವ ಪ್ರಶ್ನೆಯೇ. ಆದರೂ ಆಮೆಗೆ ನಗು ತಡೆಯಲಾಗಲಿಲ್ಲ.

"ಮನೆ ಮೊದಲು ಬಂತು ಕಣಪ್ಪ, ನೀರು ಆಮೇಲೆ."

"ಮತ್ತೆ ಅವರು ತಡೆಯಲಿಲ್ಲವೇ?"

"ಅಧಿಕಾರಿಗಳು ಹಾರ ಹಾಕಿ, ಹೋಳಿಗೆ ಊಟ ಹಾಕಿಸಿ, ಎಲ್ಲ ನಿಮ್ಮ ಒಳ್ಳೆಯದಕ್ಕೇ ಅಂದರು. ಇವರು ನಂಬಿದರು."

ಮರಿಗಳು ಬಿದ್ದು ಬಿದ್ದು ನಕ್ಕವು. "ಎಂಥ ದಡ್ಡರು! ನಮ್ಮ ಮೀನುಗಾರರನ್ನು ನೋಡು, ತೌಡು ಹಾಕಿ ಸಾಕಿ, ಲಾರಿಯಲ್ಲಿ ತಂದು, ಕೈಯಾರೆ ಈ ನೀರಿಗೆ ಬಿಟ್ಟರು. ದೇವರಂಥವರು! ಅಂದ ಹಾಗೆ ಅಜ್ಜ, ಹೋದ ವರ್ಷ ಬಿಟ್ಟ ಮರಿಗಳೆಲ್ಲ ಎಲ್ಲಿ?"

ಆಮೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಿತು.