ಜಟ್ಟು ಕಡಲು ಕಾಯ್ದದ್ದು

ಕೇಳುವವರು ಹತ್ತಿರ ಕೂರಿ, ಕೇಳದವರು ಎದ್ದು ಹೋಗಿ ಮೀನು ಒಣಗಿಸಿ. ನಡುವೆ ಬಾಯಿ ಹಾಕಿದರೆ ನಾನು ಕತೆ ಹೇಳುವವಳಲ್ಲ, ಈಗಲೇ ಹೇಳಿಬಿಟ್ಟಿದ್ದೇನೆ.

ಕಡಲ ದಂಡೆಯ ಒಂದು ಕೇರಿ. ಅಲ್ಲಿ ದುರ್ಗಿ ಅಂತ ಒಬ್ಬಳು, ಅವಳಿಗೆ ಒಬ್ಬನೇ ಮಗ ಜಟ್ಟು. ಆಳು ನೋಡಿದರೆ ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ನೀರಿಗೆ ಬಿಟ್ಟರೆ ಮೀನು. ತಲೆಯೊಳಗೆ ಮಾತ್ರ ಬರೀ ಗಾಳಿ. ಹೇಳಿದ್ದನ್ನು ಮಾಡುತ್ತಿದ್ದ, ಹೇಳಿದಷ್ಟನ್ನೇ ಮಾಡುತ್ತಿದ್ದ. ಬಾಗಿಲು ನೋಡಿಕೋ ಅಂದರೆ ಸಂಜೆವರೆಗೂ ಬಾಗಿಲನ್ನೇ ನೋಡುತ್ತ ಕೂರುವವ. ಬೆನ್ನ ಹಿಂದಿನಿಂದ ಬೆಕ್ಕು ಬಂಗುಡೆ ಎತ್ತಿಕೊಂಡು ಹೋದರೂ ಕತ್ತು ತಿರುಗಿಸುತ್ತಿರಲಿಲ್ಲ. ಇವನನ್ನು ಹೊತ್ತಾಗ ನಾನು ಏನು ತಿಂದಿದ್ದೆನೋ ಅಂತ ದುರ್ಗಿ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು.

ಮಗ ಪೆದ್ದ ಅನ್ನುವುದು ಅವಳಿಗೆ ಅರ್ಧ ದುಃಖ. ವಾರಗಿತ್ತಿಯ ಮಗ ಜಾಣ ಅನ್ನುವುದು ಉಳಿದ ಅರ್ಧ, ಅದೇ ದೊಡ್ಡದು. ವಾರಗಿತ್ತಿ ಸಾವಂತ್ರಿಯದು ಪಕ್ಕದ ಮನೆ. ಅವಳ ಮಗ ವಿಠ್ಠು ಬೀಚಿನಲ್ಲಿ ಲೈಫ್‌ಗಾರ್ಡ್. ಕೆಂಪು ಅಂಗಿ, ಹಳದಿ ಚಡ್ಡಿ, ಕೊರಳಲ್ಲಿ ಸೀಟಿ. ರಜೆಗೆ ಬಂದ ಜನ ಅವನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಸಾವಂತ್ರಿ ಆ ಕೆಂಪು ಅಂಗಿಯನ್ನು ಒಗೆದು ದುರ್ಗಿಯ ಬಾಗಿಲಿಗೆ ಎದುರಾಗಿ ಹಗ್ಗ ಕಟ್ಟಿ ಒಣಹಾಕುತ್ತಿದ್ದಳು. ದಿನಾ! ಅಂಗಿ ಒಣಗುತ್ತಿತ್ತು, ದುರ್ಗಿಯ ಹೊಟ್ಟೆ ಉರಿಯುತ್ತಿತ್ತು. ನಗಬೇಡಿ, ನಿಮ್ಮದೂ ಉರಿಯುತ್ತಿತ್ತು.

ಆ ವರ್ಷ ಕ್ರಿಸ್‌ಮಸ್ ರಜೆಗೆ ಜನ ಮುಗಿಬಿದ್ದರು, ಇನ್ನೊಬ್ಬ ಲೈಫ್‌ಗಾರ್ಡ್ ಬೇಕಾಯಿತು. ಬೀಚು ನೋಡಿಕೊಳ್ಳುವ ಶಾನಭಾಗ ಸಾಹೇಬರ ಕಾಲು ಹಿಡಿದು ದುರ್ಗಿ ಮಗನನ್ನು ಸೇರಿಸಿದಳು. ಸಾಹೇಬರು ನಾಲ್ಕು ದಿನ ಕೆಲಸ ನೋಡುತ್ತೇನೆ, ಸರಿ ಕಂಡರೆ ಅಂಗಿ ಕೊಡುತ್ತೇನೆ ಅಂದರು. ಸಂಬಳದ ಮಾತು ದುರ್ಗಿ ಕೇಳಲೂ ಇಲ್ಲ. ತನ್ನ ಹಗ್ಗದ ಮೇಲೂ ಒಂದು ಕೆಂಪು ಅಂಗಿ ಬೀಳಬೇಕು, ಅದನ್ನು ಸಾವಂತ್ರಿ ನೋಡಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ಮೊದಲ ದಿನ ವಿಠ್ಠು ತಮ್ಮನಿಗೆ ಕೆಲಸ ಕಲಿಸಿದ. ನೀರು ಸೊಂಟ ದಾಟಿದವರನ್ನು ಕಂಡರೆ ಸೀಟಿ ಊದಿ ದಡಕ್ಕೆ ತಾ ಅಂದ. ಜಟ್ಟು ಹೂಂ ಅಂದ. ಗದಗಿನ ಕಡೆಯ ಒಬ್ಬಳು ಅಜ್ಜಿ, ಪಾಪ, ಹುಟ್ಟಿ ಮೊದಲ ಸಲ ಕಡಲು ಕಂಡವಳು, ದಡದಲ್ಲೇ ಕಾಲು ಚಾಚಿ ಕೂತು ಮೈ ನೆನೆಸಿಕೊಳ್ಳುತ್ತಿದ್ದಳು. ಕೂತವಳಿಗೆ ತೆರೆ ಬಂದರೆ ನೀರು ಎದೆಗೆ ಬರದೆ ಎಲ್ಲಿಗೆ ಬಂದೀತು? ಜಟ್ಟು ಸೀಟಿ ಊದಿದ, ಅಜ್ಜಿಯನ್ನು ಎತ್ತಿ ಒಣ ಮರಳಿನ ಮೇಲೆ ಇಟ್ಟ. ಅಜ್ಜಿ ಬೈಯುತ್ತ ಹೋಗಿ ಮತ್ತೆ ಕೂತಳು. ಜಟ್ಟು ಮತ್ತೆ ಎತ್ತಿ ತಂದ. ಹೀಗೆ ಆರು ಸಲ. ಅತ್ತ ಒಬ್ಬ ಉದ್ದನೆಯ ಹುಡುಗ ದೂರದ ಮರಳ ದಿಬ್ಬದವರೆಗೂ ಹೋಗಿಬಿಟ್ಟಿದ್ದ. ಅಲ್ಲಿ ನೀರು ಅವನ ಸೊಂಟದ ಕೆಳಗೇ ಇತ್ತು, ಇವನು ಸೊಂಟ ದಾಟಿಲ್ಲ ಅಂತ ಜಟ್ಟು ಅವನನ್ನು ಬಿಟ್ಟುಬಿಟ್ಟ. ಕಡಲಿನ ಭರತ ಏರಿತು, ದಿಬ್ಬ ಮುಳುಗಿತು. ವಿಠ್ಠು ಈಜಿಹೋಗಿ ಆ ಹುಡುಗನನ್ನು ಎಳೆದು ತಂದ, ಅವನಿಗೆ ಇನ್ನೂ ಹತ್ತು ಫೋಟೋ ಆಯಿತು.

ಬಾವಿಕಟ್ಟೆಯಲ್ಲಿ ಸಾವಂತ್ರಿ ಅದನ್ನು ಕೊಡ ತುಂಬುವವರಿಗೆಲ್ಲ ಹೇಳಿದಳು, ಕೊಡ ತುಂಬಿದವರನ್ನೂ ನಿಲ್ಲಿಸಿ ಹೇಳಿದಳು. ದುರ್ಗಿ ಮನೆಗೆ ಬಂದು ಮಗನಿಗೆ ಬೈದಳು, ಬೈದು ಬುದ್ಧಿ ಹೇಳಿದಳು. ಸೊಂಟ ಗಿಂಟ ಬಿಡು, ದಡ ಬಿಟ್ಟು ದೂರ ಹೋದವರನ್ನು ನೋಡು, ಅವರನ್ನು ಹಿಡಿದು ತಾ. ಜಟ್ಟು ಹೂಂ ಅಂದ.

ಎರಡನೇ ದಿನ ದಾವಣಗೆರೆಯದೊಂದು ಸಂಸಾರ ಮಿಂದು, ಬಟ್ಟೆ ಬದಲಿಸಿ, ಚೀಲ ಹೊತ್ತು ಬಸ್ ಸ್ಟಾಂಡಿನ ದಾರಿ ಹಿಡಿಯಿತು. ಜಟ್ಟು ನೋಡಿದ. ದಡ ಬಿಟ್ಟರು. ದೂರ ಹೋದರು. ಇನ್ನೂ ದೂರ ಹೋದರು. ಬಿದ್ದೆನೋ ಎದ್ದೆನೋ ಅಂತ ಓಡಿ, ಬಸ್ಸು ಹತ್ತುತ್ತಿದ್ದ ಯಜಮಾನನ ಸೊಂಟ ಹಿಡಿದು ಇಳಿಸಿ, ಹೆಂಡತಿ ಮಕ್ಕಳನ್ನೂ ಚೀಲವನ್ನೂ ಒಟ್ಟುಮಾಡಿ, ಸೀಟಿ ಊದುತ್ತ ಊದುತ್ತ ನೀರಿನ ಬದಿಗೆ ತಂದು ನಿಲ್ಲಿಸಿದ. ಬಸ್ಸು ಹೋಯಿತು. ಆ ಯಜಮಾನ ಬೈದ ಬೈಗುಳವನ್ನು ನಾನು ಇಲ್ಲಿ ಹೇಳುವುದಿಲ್ಲ, ಮಕ್ಕಳಿದ್ದಾರೆ.

ದುರ್ಗಿ ಬೈದಳು, ಬೈದು ಬುದ್ಧಿ ಹೇಳಿದಳು. ಹೋಗುವವರು ಹೋಗಲಿ, ನಿನಗೆಂತಕ್ಕೆ? ಕೈ ಮೇಲೆತ್ತಿದವರು ಕಷ್ಟದಲ್ಲಿದ್ದಾರೆ ಅಂತ ಲೆಕ್ಕ. ಯಾರು ಕೈ ಎತ್ತುತ್ತಾರೋ ಅವರ ಕೊರಳಿಗೆ ಹಗ್ಗ ಕಟ್ಟಿದ ಗಾಳಿ ಟ್ಯೂಬು ಎಸೆ. ಜಟ್ಟು ಹೂಂ ಅಂದ.

ಮೂರನೇ ದಿನ ಬೆಳಿಗ್ಗೆ ದೋಣಿ ಬಂದಿತ್ತು, ದಂಡೆಯಲ್ಲಿ ಮೀನು ಹರಾಜು. ಸಾವಂತ್ರಿ ಒಂದು ಬುಟ್ಟಿ ಬಂಗುಡೆ ಕೊಂಡು ಮುಂದಿಟ್ಟುಕೊಂಡು, ಇಸ್ವಾಣ ಮೀನಿನ ಸವಾಲಿಗೆ ಕೈ ಎತ್ತಿದಳು. ಎತ್ತಿದ್ದೇ ತಡ, ಟ್ಯೂಬು ಗಾಳಿಯಲ್ಲಿ ಬಂದು ಅವಳ ಕೊರಳಿಗೆ ಬಿತ್ತು. ಅವಳು ಬುಟ್ಟಿಯ ಮೇಲೆ ಬಿದ್ದಳು. ಬಂಗುಡೆಗೆ ಕಾಗೆ ಬಿತ್ತು. ಕಷ್ಟದಲ್ಲಿದ್ದವಳನ್ನು ಬಿಡಲಾದೀತೇ ಅಂತ ಜಟ್ಟು ಹಗ್ಗ ಹಿಡಿದು ಮರಳಿನ ಮೇಲೆ ದರದರ ಎಳೆದ.

ಆ ದಿನ ದುರ್ಗಿ ಬಾಯಲ್ಲಿ ಬೈದಳು, ಹೊಟ್ಟೆಯೊಳಗೆ ಹಾಲು ಕುಡಿದಳು. ಮಗನಿಗೆ ಎರಡು ತುಂಡು ಮೀನು ಹೆಚ್ಚು ಹುರಿದಳು. ಆದರೆ ಸಾಹೇಬರು ನಾಳೆಯೇ ಕೊನೆ ಅಂತ ಹೇಳಿಕಳಿಸಿದ್ದರು, ಸಾವಂತ್ರಿ ಬಿದ್ದರೂ ಅವಳ ಹಗ್ಗದ ಮೇಲೆ ಅಂಗಿ ಹಾರಾಡುತ್ತಲೇ ಇತ್ತು. ಹೊಟ್ಟೆಕಿಚ್ಚು ಇದೆಯಲ್ಲ, ಅದು ಜಾಣರಿಂದಲೂ ಪೆದ್ದರ ಕೆಲಸ ಮಾಡಿಸುತ್ತದೆ. ಅವಳು ಮಗನನ್ನು ಹತ್ತಿರ ಕೂರಿಸಿಕೊಂಡು ಹೇಳಿದಳು:

"ನೋಡು ಮಗಾ. ನಾಳೆ ನಾನೇ ಕಡಲಿಗೆ ಇಳಿದು ಸುಳ್ಳೇ ಮುಳುಗುತ್ತೇನೆ, ಸುಳ್ಳೇ ಕೂಗುತ್ತೇನೆ. ನೀನು ಹೆದರಬೇಡ. ಸಾಹೇಬರು ನೋಡುವಾಗ ಮಾತ್ರ ಟ್ಯೂಬು ಎಸೆ. ಆಮೇಲೆ ದಂಡೆಯವರೆಲ್ಲ ಸೇರಿ ರಂಪಣಿ ಬಲೆ ಎಳೆದ ಹಾಗೆ ಎಳೆ. ರಂಪಣಿ ಹೇಗೋ ಇದೂ ಹಾಗೇ, ಒಂದೂ ತಪ್ಪಬಾರದು."

ಜಟ್ಟು ಹೂಂ ಅಂದ.

ನಾಲ್ಕನೇ ದಿನ ಸಾಹೇಬರು ಬಂದರು, ಕೆಂಪು ಅಂಗಿ ಕಂಕುಳಲ್ಲೇ ಇತ್ತು. ದುರ್ಗಿ ಸೀರೆ ಕಚ್ಚೆ ಬಿಗಿದು, ಜನ ಇಲ್ಲದ ಜಾಗ ನೋಡಿ ಇಳಿದಳು. ಅಲ್ಲಿ ಜನ ಯಾಕಿರಲಿಲ್ಲ? ವಿಠ್ಠು ಅಲ್ಲಿ ಕೆಂಪು ಬಾವುಟ ನೆಟ್ಟಿದ್ದ. ತೆರೆ ಇಲ್ಲದೆ ನುಣ್ಣಗೆ ಕಾಣುವ ನೀರು, ಒಳಗೆ ಹೊರಮುಖ ಸೆಳವು. ಕಡಲ ಮಗಳಾದ ದುರ್ಗಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಸಾವಂತ್ರಿಯ ಮಗ ನೆಟ್ಟ ಬಾವುಟಕ್ಕೆ ತಾನು ಹೆದರುವುದೇ ಅಂತ ಇಳಿದಳು.

ಎರಡು ಸಲ ಸುಳ್ಳೇ ಕೂಗಿದಳು. ಮೂರನೇ ಸಲ ಕಾಲಡಿಯ ಮರಳೇ ಸರಿಯಿತು, ಸೆಳವು ಅವಳನ್ನು ಎತ್ತಿಕೊಂಡು ಹೊರಟಿತು. ಆ ಕೂಗು ನಿಜದ್ದು. ಉಪ್ಪುನೀರು ಮೂಗು ಬಾಯಿಗೆ ನುಗ್ಗಿತು, ತಲೆ ಒಮ್ಮೆ ಕಾಣುತ್ತಿತ್ತು ಒಮ್ಮೆ ಇಲ್ಲ.

ಜಟ್ಟು ಟ್ಯೂಬು ಹಿಡಿದು ಸಾಹೇಬರ ಕಡೆ ನೋಡಿದ. ಸಾಹೇಬರು ಆಚೆ ತಿರುಗಿ ಎಳನೀರು ಕುಡಿಯುತ್ತಿದ್ದರು. ಅವನು ಕಾದ. ಅವ್ವ ಮುಳುಗಿದಳು, ಎದ್ದಳು. ಅವನು ಕಾದ. ಕೊನೆಗೆ ನಿಧಾನಕ್ಕೆ ನಡೆದುಹೋಗಿ ಸಾಹೇಬರ ಹೆಗಲು ಮುಟ್ಟಿದ.

"ಸಾಹೇಬರೇ, ಸ್ವಲ್ಪ ಈಚೆ ನೋಡಬೇಕಂತೆ. ನೀವು ನೋಡಿದರೇ ಎಸೆಯುವುದು. ಹೆದರಬೇಡಿ, ನಮ್ಮ ಅವ್ವ ಸುಳ್ಳೇ ಮುಳುಗುತ್ತಿದ್ದಾಳೆ."

ಅಷ್ಟರಲ್ಲಿ ನೋಡಿದವಳು ಸಾವಂತ್ರಿ. ತಲೆಯ ಮೇಲಿನ ಬುಟ್ಟಿ ಎಸೆದು, ಅಯ್ಯೋ ನನ್ನ ತಂಗಿ ಹೋದಳಲ್ಲೋ ಅಂತ ಕಿರುಚಿದಳು. ವಿಠ್ಠು ನೀರಿಗೆ ಹಾರಿ ದುರ್ಗಿಯನ್ನು ಹಿಡಿದ. ಸಾಹೇಬರ ಕಣ್ಣು ಈಚೆ ಬಿದ್ದದ್ದೇ ಜಟ್ಟು ಟ್ಯೂಬು ಎಸೆದ, ಏನು ಎಸೆತ ಅದು, ಸರಿಯಾಗಿ ವಿಠ್ಠುವಿನ ಕೈಗೇ ಬಿತ್ತು. ಆಮೇಲೆ ರಂಪಣಿ ಎಳೆಯುವವರ ಹಾಗೆ ಎಲ್ಲರನ್ನೂ ಕರೆದು ಸಾಲಾಗಿ ನಿಲ್ಲಿಸಿ ಹಗ್ಗ ಎಳೆಸಿದ. ಎಲ್ಲರಿಗಿಂತ ಮುಂದೆ ಸಾವಂತ್ರಿ, ಅಳುತ್ತ ಎಳೆದಳು, ಅಂಗೈ ಚರ್ಮ ಕಿತ್ತುಹೋಗುವಷ್ಟು ಎಳೆದಳು.

ದುರ್ಗಿ ದಡಕ್ಕೆ ಬಂದಳು, ನೀರು ಕಾರಿದಳು, ಉಸಿರಾಡಿದಳು. ಸುಳ್ಳು ಮುಳುಗಿನ ಸುದ್ದಿ ಕೇಳಿದ ಸಾಹೇಬರು ಅಂಗಿಯನ್ನು ಕಂಕುಳಲ್ಲೇ ಇಟ್ಟುಕೊಂಡು ಜೀಪು ಹತ್ತಿದರು.

ಜಟ್ಟುವಿನ ಕೆಲಸ ಇನ್ನೂ ಮುಗಿದಿರಲಿಲ್ಲ. ರಂಪಣಿ ಎಳೆದ ಮೇಲೆ ನಮ್ಮಲ್ಲಿ ಏನು ಮಾಡುತ್ತಾರೆ? ಬಲೆಗೆ ಬಿದ್ದದ್ದನ್ನು ಪಾಲು ಹಾಕುತ್ತಾರೆ. ಹಗ್ಗಕ್ಕೆ ಕೈ ಕೊಟ್ಟವನಿಗೆಲ್ಲ ಪಾಲು, ಕೊಡದಿದ್ದರೆ ಮಹಾಪಾಪ. ಜಟ್ಟು ಒಬ್ಬೊಬ್ಬರನ್ನೇ ಕೇಳಿದ. ರಜೆಗೆ ಬಂದವರು ನಮಗೆ ಪಾಲು ಬೇಡಪ್ಪ ಅಂತ ನಕ್ಕು ಹೋದರು. ಉಳಿದದ್ದು ಮೂರು ಪಾಲು: ನೀರಿಗಿಳಿದ ವಿಠ್ಠುವಿನದು ಒಂದು, ಎಳೆದ ದೊಡ್ಡವ್ವನದು ಒಂದು, ತನ್ನದು ಒಂದು. ಆ ಮನೆಗೆ ಎರಡು, ಈ ಮನೆಗೆ ಒಂದು. ನ್ಯಾಯ ನ್ಯಾಯವೇ. ಒದ್ದೆ ಮುದ್ದೆಯಾಗಿದ್ದ ಅವ್ವನನ್ನು ಎತ್ತಿಕೊಂಡು ಹೋಗಿ ಸಾವಂತ್ರಿಯ ಜಗಲಿಯ ಮೇಲೆ ಮಲಗಿಸಿ, ತಾನು ಮನೆಗೆ ಬಂದು ಅಗಳಿ ಹಾಕಿಕೊಂಡ.

ಸಾವಂತ್ರಿ ಅವಳ ತಲೆ ಒರೆಸಿದಳು, ತನ್ನ ಸೀರೆ ಉಡಿಸಿದಳು, ಬಿಸಿ ಗಂಜಿ, ಬಂಗುಡೆ ಸಾರು ಬಡಿಸಿದಳು. ಒಂದೂ ಚುಚ್ಚುಮಾತು ಆಡಲಿಲ್ಲ. ಆಡಿದ್ದರೆ ದುರ್ಗಿಗೆ ಸಮಾಧಾನ ಆಗುತ್ತಿತ್ತು. ಸಾರು ಬಾಯಿಗಿಟ್ಟಳು, ತನ್ನ ಸಾರಿಗಿಂತ ರುಚಿಯಾಗಿತ್ತು. ಅದನ್ನು ತಡೆಯುವುದು ಹೇಗೆ ಹೇಳಿ? ಅರ್ಧಕ್ಕೇ ಎದ್ದು, ಕೈಯನ್ನೂ ತೊಳೆಯದೆ ಓಡಿಬಂದು ತನ್ನ ಮನೆ ಬಾಗಿಲು ಬಡಿದಳು.

"ಬಾಗಿಲು ತೆಗೆಯೋ ಜಟ್ಟು, ನಾನು ನಿನ್ನ ಅವ್ವ!"

ಒಳಗಿಂದ ಜಟ್ಟು ಅಂದ: "ಗೊತ್ತು ಅವ್ವ. ಪಾಲು ಹಾಕಿ ಆಗಿದೆ. ಎರಡು ದಿನ ಅವರದು, ಒಂದು ದಿನ ನಮ್ಮದು. ನಾಡಿದ್ದು ಬಾ, ತೆಗೆಯುತ್ತೇನೆ."