ಹನ್ನೊಂದು ಮೈಲಿ ಬಿಟ್ಟು

"ಅಪ್ಪಾರ, ನನ್ನ ಪಾದಯಾತ್ರಿ ಕೆಟ್ಟಂಗ ಆತೇನ್ರಿ?"

ಶ್ರೀಶೈಲದಿಂದ ತಿರುಗಿ ಬಂದ ನಾಲ್ಕನೆಯ ದಿನ ಸಂಗಯ್ಯ ಮಠದ ಕಟ್ಟೆಯ ಮೇಲೆ ಕೂತು ಗುರುಗಳನ್ನು ಹೀಗೆ ಕೇಳಿದ. ಗುರುಗಳು ಶೇಂಗಾ ಸುಲಿಯುತ್ತಿದ್ದರು. ಮಠದಲ್ಲಿ ಚಟ್ನಿಪುಡಿ ಮುಗಿದಿತ್ತು. ಅವರು ಕೈ ನಿಲ್ಲಿಸದೆ, ಏನಾಯಿತು ಹೇಳು ಎನ್ನುವಂತೆ ಶಿಷ್ಯನ ಮುಖ ನೋಡಿದರು.

ಸಂಗಯ್ಯ ಹೇಳಿದ. ಐದು ವರ್ಷ, ಒಂದು ಹೆಜ್ಜೆಯಷ್ಟು ದಾರಿಗೂ ಗಾಡಿ ಹತ್ತದೆ ಶ್ರೀಶೈಲಕ್ಕೆ ನಡೆದು ಹೋಗುತ್ತೇನೆಂದು ಅವನು ಹರಕೆ ಹೊತ್ತಿದ್ದ. ನಾಲ್ಕು ವರ್ಷ ಹಾಗೆಯೇ ನಡೆದ. ಇದು ಐದನೆಯದು. ಈ ಸಲ ದಾರಿಯಲ್ಲಿ ಒಬ್ಬ ಅಜ್ಜ ಜೊತೆಯಾದ. ಒಂಬತ್ತನೆಯ ದಿನ ಅಜ್ಜನ ಕಾಲು ಬಾತು, ನೆಲಕ್ಕೆ ಊರಲಾಗದಂತಾಯಿತು. ಅಲ್ಲಿನ ಊರವರು ಟೆಂಪೋ ತಂದರು. ಅಜ್ಜನನ್ನು ಹಿಡಿದುಕೊಂಡು ಕೂರಲು ಒಬ್ಬರು ಬೇಕಾಗಿತ್ತು. ಊರವರಲ್ಲಿ ಜೊತೆಗೆ ಬರುವವರು ಯಾರೂ ಇರಲಿಲ್ಲ, ಸಂಗಯ್ಯ ಹತ್ತಬೇಕಾಯಿತು. ಇಪ್ಪತ್ತು ಕಿಲೋಮೀಟರ್ ದೂರದ ದವಾಖಾನೆಯಲ್ಲಿ ಅಜ್ಜನನ್ನು ಇಳಿಸಿ, ಅಲ್ಲಿಂದ ಅವನು ಮತ್ತೆ ನಡೆಯತೊಡಗಿದ.

"ನಾಕ ವರ್ಷದ್ದೂ ನೀರಾಗ ಹೋದಂಗ ಆತ್ರಿ" ಎಂದ ಸಂಗಯ್ಯ. "ಊಟ ಸೇರವಲ್ದು. ಮತ್ತ ಹೋಗಿ ಆ ಇಪ್ಪತ್ತು ಕಿಲೋಮೀಟರ್ ನಡದು ಬಂದ್ರ ಹರಕಿ ಸರಿ ಆಕ್ಕೈತೇನ್ರಿ?"

ಗುರುಗಳು ಮೊರದಲ್ಲಿದ್ದ ಶೇಂಗಾದಲ್ಲಿ ಅರ್ಧವನ್ನು ಅವನ ಕಡೆ ಸರಿಸಿದರು.

"ಸುಲಿ. ಅಮೆರಿಕಾದಾಗ ಇಬ್ರು ಗೆಳ್ಯಾರು ಇದ್ರು."

"ಅಮೆರಿಕಾದಾಗೇನ್ರಿ?"

"ಕತಿಗೆ ಪಾಸ್‌ಪೋರ್ಟ್ ಬೇಕಾಗಿಲ್ಲ. ಸುಲಿ."

ಸಂಗಯ್ಯ ಸುಲಿಯತೊಡಗಿದ. ಗುರುಗಳು ಹೇಳಿದ ಕತೆ ಇದು. ಅದರೊಳಗಿನ ಜನ ಆಡಿದ್ದು ಇಂಗ್ಲಿಷೇ ಇರಬೇಕು. ಗುರುಗಳ ಬಾಯಲ್ಲಿ ಅದು ನಮ್ಮ ಕಡೆಯ ಮಾತಾಯಿತು.

ಆ ದೇಶದ ಮೂಡಣ ಸಮುದ್ರದ ದಂಡೆಯಲ್ಲಿ ಒಂದು ಊರು. ಅಲ್ಲಿ ಒಬ್ಬ ಗಡಿಯಾರ ರಿಪೇರಿಯವನು, ಒಬ್ಬ ಬಡಗಿ. ಚಿಕ್ಕಂದಿನಿಂದ ಒಂದೇ ಬೆಂಚಿನ ಗೆಳೆಯರು. ಇಬ್ಬರಿಗೂ ಐವತ್ತೈದು ದಾಟಿತ್ತು. ಮೊಣಕಾಲು ಮಾತು ಕೇಳುವಾಗಲೇ ಒಂದು ಸಲ ಸೈಕಲ್ ಮೇಲೆ ದೇಶ ದಾಟಿಬಿಡೋಣ ಎಂದ ಬಡಗಿ. ಗಡಿಯಾರದವನು ಮೂರು ತಿಂಗಳು ಯೋಚಿಸಿ ಒಪ್ಪಿದ. ಅವನು ಯಾವುದಕ್ಕೂ ಹಾಗೆಯೇ. ಒಪ್ಪಿದ ಮೇಲೆ ಮಾತ್ರ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಬಾರದು.

ಹಾಗೆ ದೇಶ ದಾಟುವವರಲ್ಲಿ ಒಂದು ಪದ್ಧತಿ ಇದೆ. ಹೊರಡುವಾಗ ಸೈಕಲ್ಲಿನ ಹಿಂದಿನ ಗಾಲಿಯನ್ನು ಈ ಕಡೆಯ ಸಮುದ್ರದಲ್ಲಿ ಅದ್ದಬೇಕು. ಮುಟ್ಟಿದಾಗ ಮುಂದಿನ ಗಾಲಿಯನ್ನು ಆ ಕಡೆಯ ಸಮುದ್ರದಲ್ಲಿ ಅದ್ದಬೇಕು. ಇಬ್ಬರೂ ಹಿಂದಿನ ಗಾಲಿ ಅದ್ದಿದರು. ಗಡಿಯಾರದವನು ಅದಕ್ಕೆ ತನ್ನದೊಂದು ವ್ರತ ಸೇರಿಸಿಕೊಂಡ. ಈ ಸಮುದ್ರದಿಂದ ಆ ಸಮುದ್ರದವರೆಗೆ ತನ್ನ ಗಾಲಿಯ ಜಾಡು ಒಂದು ಗೇಣೂ ತುಂಡಾಗಬಾರದು. ಅದಕ್ಕಾಗಿ ಬಡಗಿಯ ಚೀಲದಿಂದ, ಹಲಗೆಗೆ ಗುರುತು ಹಾಕುವ ಸೀಮೆಸುಣ್ಣ ಕೇಳಿ ಪಡೆದ. ದಿನವೂ ಸವಾರಿ ನಿಂತ ಜಾಗದಲ್ಲಿ ರಸ್ತೆಯ ಅಂಚಿಗೆ ಒಂದು ಗೆರೆ ಎಳೆಯುತ್ತಿದ್ದ. ಮರುದಿನ ಸೈಕಲ್ಲನ್ನು ಗೆರೆಗಿಂತ ಒಂದು ಮೊಳ ಹಿಂದೆ ನಿಲ್ಲಿಸಿಯೇ ಹೊರಡುತ್ತಿದ್ದ.

"ಲೇ ದೋಸ್ತ, ರಸ್ತಾ ಯಾರೂ ಕದ್ದೊಯ್ಯೂದಿಲ್ಲ" ಎಂದು ಬಡಗಿ ನಗುತ್ತಿದ್ದ. ನಗುತ್ತಲೇ, ಗೆಳೆಯ ಗೆರೆ ಎಳೆದು ಮುಗಿಸುವವರೆಗೆ ಸೈಕಲ್ ಹಿಡಿದುಕೊಂಡು ನಿಲ್ಲುತ್ತಿದ್ದ.

ಪ್ರಯಾಣ ಸುಖವಾಗಿ ಸಾಗಿತು. ಗುಡ್ಡ ಏರಿದರು, ಇಳಿದರು. ಸಣ್ಣ ಸಣ್ಣ ಊರುಗಳ ಉದ್ಯಾನಗಳಲ್ಲಿ ಡೇರೆ ಹಾಕಿದರು. ಒಂದು ಊರಿನ ಹೋಟೆಲಿನ ಮುದುಕಿ ಸೇಬು ತುಂಬಿದ ಕಡುಬು ಕೊಟ್ಟು, ಇಬ್ಬರ ತಟ್ಟೆಯೂ ಖಾಲಿಯಾಗುವವರೆಗೆ ಎದ್ದು ಹೋಗಲು ಬಿಡಲಿಲ್ಲ. ಇನ್ನೊಂದು ಊರಿನಲ್ಲಿ ನಾಯಿಯೊಂದು ಅಟ್ಟಿಸಿಕೊಂಡು ಬಂತು. ಅವತ್ತು ಇಬ್ಬರೂ ತಮಗೆ ಐವತ್ತೈದು ಎನ್ನುವುದನ್ನೇ ಮರೆತು ತುಳಿದರು. ಎದುರಿಗೆ ಬರುವ ಟ್ರಕ್ಕಿನ ರೈತರು ಸ್ಟೇರಿಂಗಿನ ಮೇಲಿನಿಂದ ಒಂದೇ ಒಂದು ಬೆರಳೆತ್ತುತ್ತಿದ್ದರು. ಅದು ಅಲ್ಲಿಯ ನಮಸ್ಕಾರ. ಗಡಿಯಾರದವನಿಗೆ ಆ ಲೆಕ್ಕಾಚಾರದ ನಮಸ್ಕಾರ ಬಹಳ ಹಿಡಿಸಿತು.

ಆಮೇಲೆ ಬಯಲು ಬಂತು. ಕಣ್ಣು ಹರಿಯುವಷ್ಟು ದೂರ ಗೋಧಿ. ರಸ್ತೆ ನೂಲು ಹಿಡಿದಂತೆ ನೇರ. ಮತ್ತು ಎದುರುಗಾಳಿ. ಬೆಳಗಿನಿಂದ ಸಂಜೆಯವರೆಗೆ ಅದು ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕುತ್ತಿತ್ತು. ಅಂಥಲ್ಲಿ ಸೈಕಲ್ಲಿನವರು ಒಬ್ಬರ ಹಿಂದೆ ಒಬ್ಬರು ಹೋಗುತ್ತಾರೆ. ಮುಂದಿನವನು ಗಾಳಿ ಒಡೆಯುತ್ತಾನೆ. ಹಿಂದಿನವನು ಅವನ ಬೆನ್ನಿನ ಮರೆಯಲ್ಲಿ ಹಗುರವಾಗಿ ಬರುತ್ತಾನೆ. ಇಪ್ಪತ್ತು ನಿಮಿಷ ನಾನು, ಇಪ್ಪತ್ತು ನಿಮಿಷ ನೀನು ಎಂದು ಇಬ್ಬರೂ ಮಾತಾಡಿಕೊಂಡರು. ಕೈಗಡಿಯಾರ ಇದ್ದದ್ದು ಒಬ್ಬನ ಬಳಿ ಮಾತ್ರ. ಅದು ಯಾರ ಬಳಿ ಎಂದು ಹೇಳಬೇಕಾಗಿಲ್ಲ.

ಬಯಲಿನ ಐದನೆಯ ದಿನ, ಮಧ್ಯಾಹ್ನ, ಮುಂದೆ ಹೋಗುತ್ತಿದ್ದ ಬಡಗಿಯ ಸೈಕಲ್ ಓಲಾಡಿತು. ಅವನು ಇಳಿದು ರಸ್ತೆಯ ಬದಿಗೆ ಕೂತ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ನೀರು ಕೊಟ್ಟರೆ ವಾಂತಿ ಮಾಡಿಕೊಂಡ. ತಾನೆಲ್ಲಿದ್ದೇನೆ ಎನ್ನುವುದೂ ಅವನಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಗೋಧಿ ಹೇರಿಕೊಂಡು ಬರುತ್ತಿದ್ದ ಒಬ್ಬ ರೈತ ಟ್ರಕ್ಕು ನಿಲ್ಲಿಸಿದ. ಮುಂದಿನ ಊರು ಹದಿನೆಂಟು ಮೈಲಿ, ಅಲ್ಲಿ ಆಸ್ಪತ್ರೆ ಇದೆ ಎಂದ. ಬಡಗಿಯನ್ನು ಎತ್ತಿ ಕೂರಿಸಿ, ಎರಡೂ ಸೈಕಲ್ಲುಗಳನ್ನು ಗೋಧಿಯ ಮೇಲೆ ಹಾಕಿದ.

ಗಡಿಯಾರದವನು ಟ್ರಕ್ಕಿಗೆ ಒಂದು ಕಾಲಿಟ್ಟು ಮತ್ತೆ ಇಳಿದ. ಜೇಬಿನಿಂದ ಸೀಮೆಸುಣ್ಣ ತೆಗೆದ. ರಸ್ತೆಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಗೆರೆ ಎಳೆದ. ಗಾಳಿಗೆ ಪುಡಿ ಹಾರಿತೆಂದು ಅದರ ಮೇಲೇ ಇನ್ನೊಂದು ಸಲ ಎಳೆದ. ರೈತ ಬಾಗಿಲು ಹಿಡಿದುಕೊಂಡು ನೋಡುತ್ತಿದ್ದ.

ಬಿಸಿಲು ಹೊಡೆದಿದೆ, ಮೈಯಲ್ಲಿ ನೀರಿಲ್ಲ, ಮೂರು ದಿನ ಮಲಗಿರಬೇಕು ಎಂದರು ವೈದ್ಯರು. ಸಲೈನ್ ಹಚ್ಚಿದರು. ಗಡಿಯಾರದವನು ಸಂಜೆಯವರೆಗೆ ಗೆಳೆಯನ ಹತ್ತಿರ ಕೂತ. ಕೂತಿದ್ದು ನಿಜ. ಆದರೆ ಮನಸ್ಸು ಹದಿನೆಂಟು ಮೈಲಿ ಹಿಂದೆ, ರಸ್ತೆಯ ಅಂಚಿನಲ್ಲಿತ್ತು. ಒಂದು ಮಳೆ ಬಂದರೆ ಗೆರೆ ಅಳಿಸಿಹೋಗುತ್ತದೆ. ಆಮೇಲೆ ಎಲ್ಲಿಂದ ಹೊರಡಬೇಕೆಂದು ಯಾರನ್ನು ಕೇಳುವುದು?

ಮರುದಿನ ಬೆಳಕು ಹರಿಯುವಾಗ ಅವನು ಸೈಕಲ್ ಹತ್ತಿದ. ಗೆಳೆಯ ಇನ್ನೂ ಎದ್ದಿರಲಿಲ್ಲ. ಅವನನ್ನು ಎಬ್ಬಿಸಲೂ ಇಲ್ಲ, ಯಾರಿಗೂ ಹೇಳಲೂ ಇಲ್ಲ. ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟ. ಈಗ ಗಾಳಿ ಬೆನ್ನಿಗಿತ್ತು. ತುಳಿಯುವುದೇ ಬೇಕಾಗಿರಲಿಲ್ಲ, ಸೈಕಲ್ ತಾನೇ ಓಡಿತು. ಒಂದು ಗಂಟೆಯೊಳಗೆ ಗೆರೆ ಸಿಕ್ಕಿತು. ಇದ್ದಲ್ಲೇ ಇತ್ತು. ಅವನಿಗೆ ಹಾಡಬೇಕೆನ್ನುವಷ್ಟು ಸಂತೋಷವಾಯಿತು. ಸೈಕಲ್ಲನ್ನು ಗೆರೆಗಿಂತ ಒಂದು ಮೊಳ ಹಿಂದೆ ನಿಲ್ಲಿಸಿ, ತಿರುಗಿಸಿ, ಊರಿನ ಕಡೆಗೆ ಹೊರಟ.

ಗಾಳಿ ಮುಖಕ್ಕೆ ಬಡಿಯಿತು.

ಮೊದಲನೆಯ ಮೈಲಿಯಲ್ಲಿ ಅವನು ತಲೆ ತಗ್ಗಿಸಿದ. ಎರಡನೆಯ ಮೈಲಿಯಲ್ಲಿ ಹಲ್ಲು ಕಚ್ಚಿದ. ಮೂರನೆಯದಕ್ಕೆ ಇಳಿದು ನಿಂತು ನೀರು ಕುಡಿದ. ಎಷ್ಟು ಹೊತ್ತಾಯಿತೆಂದು ಕೈಗಡಿಯಾರ ನೋಡಿದರೆ, ಇಪ್ಪತ್ತು ನಿಮಿಷ. ಇಷ್ಟು ಉದ್ದವೇನು ಇಪ್ಪತ್ತು ನಿಮಿಷ ಎಂದರೆ? ಅವನು ಗಡಿಯಾರವನ್ನು ಕಿವಿಗೆ ಹಿಡಿದು ನೋಡಿದ. ಮೂವತ್ತು ವರ್ಷ ಊರವರ ಗಡಿಯಾರಗಳನ್ನೆಲ್ಲ ಸರಿಮಾಡಿದವನು, ತನ್ನದೇ ಕೆಟ್ಟಿದೆಯೋ ಎಂದು ಅನುಮಾನಪಟ್ಟ. ಅದು ಕೆಟ್ಟಿರಲಿಲ್ಲ.

ಮತ್ತೆ ತುಳಿದ. ಏಳನೆಯ ಮೈಲಿಗೆ ಅವನ ಕಾಲುಗಳು ನಡುಗತೊಡಗಿದವು. ಅಲ್ಲೊಂದು ಮರವಿತ್ತು. ಅದರ ಬುಡದಲ್ಲಿ ಕೂತ. ಆಗ ಅವನಿಗೆ ನೆನಪಾಯಿತು. ಈ ಬಯಲಿನಲ್ಲಿ ಐದು ದಿನ ತುಳಿದಿದ್ದಾನೆ. ಹೀಗೆ ಒಂದು ದಿನವೂ ಕಾಲು ನಡುಗಿರಲಿಲ್ಲ. ಪಾಳಿ ಮುಗಿಯುವ ಹೊತ್ತಿಗೆ ಬಡಗಿ ಹಿಂದಕ್ಕೆ ತಿರುಗದೆ, "ಇನ್ನ ಆಗಿಲ್ಲ ತಗೋ, ಬಾ ಸುಮ್ಕ" ಎನ್ನುತ್ತಿದ್ದ. ಗಡಿಯಾರ ಬಡಗಿಯ ಬಳಿ ಇರಲಿಲ್ಲ. ಇದ್ದದ್ದು ಇವನ ಮುಂಗೈಯಲ್ಲಿ. ಒಂದು ಸಲ ಕಣ್ಣು ಹಾಯಿಸಿದ್ದರೆ ತಿಳಿಯುತ್ತಿತ್ತು, ಇಪ್ಪತ್ತಲ್ಲ, ಐವತ್ತು ನಿಮಿಷ ಆಗಿದೆ ಎಂದು. ಅವನು ಹಾಯಿಸಿರಲಿಲ್ಲ. ಹಾಯಿಸಿದ್ದರೆ ಮುಂದೆ ಹೋಗಬೇಕಾಗುತ್ತಿತ್ತು. ನಿನ್ನೆಯಂತೂ ಬೆಳಗಿನಿಂದ ಬಡಗಿ ಕೂರುವವರೆಗೆ ಮುಂದೆ ಇದ್ದದ್ದು ಅವನೊಬ್ಬನೇ.

ಗೇಣು ಗೇಣಿಗೂ ಗುರುತು ಇಟ್ಟವನು ಇದೊಂದಕ್ಕೆ ಗುರುತು ಇಟ್ಟಿರಲಿಲ್ಲ. ಮರದ ಕೆಳಗೆ ಅವನಿಗೆ ನಾಚಿಕೆಯಾಯಿತು. ಯಾರೂ ನೋಡುವವರಿಲ್ಲದ ಕಡೆ ಆಗುವ ನಾಚಿಕೆ ಬಲು ಗಟ್ಟಿ.

ಅಷ್ಟರಲ್ಲಿ ನಿನ್ನೆಯ ರೈತನೇ ಮತ್ತೆ ಗೋಧಿ ಹೇರಿಕೊಂಡು ಬಂದ. ಟ್ರಕ್ಕು ನಿಲ್ಲಿಸಿ, ಹತ್ತುತ್ತೀಯಾ ಎನ್ನುವಂತೆ ಬಾಗಿಲು ತೆರೆದ. ಗಡಿಯಾರದವನು ರಸ್ತೆ ನೋಡಿದ. ಇನ್ನು ಹನ್ನೊಂದು ಮೈಲಿ. ಈ ಗಾಳಿಯಲ್ಲಿ ತುಳಿದರೆ ಮಧ್ಯಾಹ್ನಕ್ಕೆ ಮುಟ್ಟುತ್ತಾನೆ. ಜಾಡು ತುಂಡಾಗುವುದಿಲ್ಲ. ಟ್ರಕ್ಕು ಹತ್ತಿದರೆ, ಆಸ್ಪತ್ರೆಯವರು ಗೆಳೆಯನಿಗೆ ತಿಂಡಿ ತರುವ ಹೊತ್ತಿಗೆ ಅವನ ಪಕ್ಕದಲ್ಲಿರುತ್ತಾನೆ. ಜೇಬಿನಲ್ಲಿ ಸೀಮೆಸುಣ್ಣ ಇತ್ತು. ಅವನ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು.

ಆಮೇಲೆ ಕೈ ಹೊರಗೆ ತೆಗೆದು ಸೈಕಲ್ ಎತ್ತಿ ಗೋಧಿಯ ಮೇಲೆ ಹಾಕಿದ. ಗೆರೆ ಎಳೆಯಲಿಲ್ಲ.

ಬಡಗಿ ಎದ್ದು ದಿಂಬಿಗೆ ಒರಗಿ ಕೂತಿದ್ದ. ಮುಖಕ್ಕೆ ಬಣ್ಣ ಬಂದಿತ್ತು. ಗೆಳೆಯನನ್ನು ಕಂಡು ಕೇಳಿದ:

"ಗೆರಿ ಸಿಕ್ತೇನಪಾ?"

ಗಡಿಯಾರದವನು ಹಾಸಿಗೆಯ ಅಂಚಿನಲ್ಲಿ ಕೂತು, "ತಲಿನೋವು ಇಳದೈತೇನು? ರಾತ್ರಿ ನಿದ್ದಿ ಬಂತಿಲ್ಲೋ?" ಎಂದ. ಆಮೇಲೆ, "ಇನ್ನ ಮುಂದ ಗಾಳಿ ನಂದು" ಎಂದ.

ಬಡಗಿ ನಕ್ಕ. ಗಡಿಯಾರದವನನ್ನು ಮೇಲಿಂದ ಕೆಳಗೆ ನೋಡಿದ. ಕಡ್ಡಿಯಂಥ ಮೈ.

"ನಿನ್ನ ಬೆನ್ನಿನ ಮರಿಗೆ ನನ್ನ ಒಂದು ತೋಳೂ ಹಿಡ್ಯಾಂಗಿಲ್ಲೋ" ಎಂದ ಬಡಗಿ.

ನಾಲ್ಕನೆಯ ದಿನ ಇಬ್ಬರೂ ಆಸ್ಪತ್ರೆಯ ಬಾಗಿಲಿನಿಂದಲೇ ಹೊರಟರು. ಬಯಲು ಮುಗಿಯುವವರೆಗೆ ಪಾಳಿ ಸರಿಯಾಗಿ ನಡೆಯಿತು. ಪೂರ್ತಿ ಸರಿಯಾಗಿ ಅಲ್ಲ. ಒಮ್ಮೊಮ್ಮೆ ಬಡಗಿ, "ಇಪ್ಪತ್ತು ನಿಮಿಷ ಆತಲ್ಲೋ" ಎಂದರೆ, ಗಡಿಯಾರದವನು ಮುಂಗೈ ನೋಡಿಕೊಂಡು, "ಎಲ್ಲಿ, ಇನ್ನ ಹದಿನಾರು" ಎನ್ನುತ್ತಿದ್ದ. ಮೂವತ್ತು ವರ್ಷದಲ್ಲಿ ಅವನು ಹೊತ್ತಿನ ವಿಷಯದಲ್ಲಿ ಹೇಳಿದ ಸುಳ್ಳು ಅವಷ್ಟೇ. ಹೇಳಿದಾಗಲೆಲ್ಲ ಅವನಿಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಪರ್ವತ ದಾಟಿದರು. ಮರಳುಗಾಡಿನಂಥ ನಾಡು ದಾಟಿದರು. ಒಂದು ದಿನ ಮುಂಜಾನೆ ಪಡುವಣ ಸಮುದ್ರ ಕಂಡಿತು. ಇಬ್ಬರೂ ಬೂಟು ಬಿಚ್ಚಿ, ಸೈಕಲ್ ತಳ್ಳಿಕೊಂಡು ಹೋಗಿ ಮುಂದಿನ ಗಾಲಿ ಅದ್ದಿದರು. ನೀರು ತಣ್ಣಗಿತ್ತು. ದಂಡೆಯಲ್ಲಿ ನಡೆದಾಡುತ್ತಿದ್ದ ಒಬ್ಬ ಹೆಂಗಸು ನಿಂತು, ಅಷ್ಟು ದೂರವನ್ನೂ ಸೈಕಲ್ ಮೇಲೆಯೇ ಬಂದಿರೇನು ಎಂದು ಕೇಳಿದಳು.

"ಹನ್ನೊಂದು ಮೈಲಿ ಬಿಟ್ಟು" ಎಂದ ಗಡಿಯಾರದವನು. ಅವನು ಅದನ್ನು ಹೇಳಿದ ರೀತಿಗೆ ಬಡಗಿ ಅವನ ಮುಖವನ್ನೇ ನೋಡಿದ. ಇಬ್ಬರೂ ನೀರಿನಲ್ಲಿ ನಿಂತೇ ನಕ್ಕರು. ಊರಿಗೆ ಮರಳಿದ ಮೇಲೆಯೂ ಯಾರು ಕೇಳಿದರೂ ಅವನು ಆ ಪ್ರಯಾಣವನ್ನು ಹನ್ನೊಂದು ಮೈಲಿ ಬಿಟ್ಟೇ ಹೇಳುತ್ತಿದ್ದ.

ಕತೆ ಮುಗಿಯಿತು. ಮೊರದಲ್ಲಿ ಶೇಂಗಾವೂ ಮುಗಿಯುತ್ತ ಬಂದಿತ್ತು. ಸಂಗಯ್ಯ ಕೈಯಲ್ಲಿದ್ದ ಕಾಯಿಯನ್ನು ಒಡೆಯದೆ ಹಿಡಿದುಕೊಂಡು ಯೋಚಿಸಿದ. ಅವನ ಮುಖ ಇನ್ನೂ ತಿಳಿಯಾಗಿರಲಿಲ್ಲ.

"ಅಲ್ರಿ ಅಪ್ಪಾರ, ಹಂಗಾರ ಆ ಹನ್ನೊಂದು ಮೈಲಿ ಹಂಗ ಉಳದ್ವೇನ್ರಿ? ಮುಂದ ಯಾವಾಗರ ಹೋಗಿ ತುಳದು ಮುಗಿಸಿದ್ನೋ ಇಲ್ಲೋ?"

ಗುರುಗಳು ಸಿಪ್ಪೆಯನ್ನು ಒಂದು ಕಡೆ ಮಾಡಿ, ಕೈ ಒರೆಸಿಕೊಂಡರು.

"ಸಂಗಯ್ಯ, ಆ ಅಜ್ಜನ ಕಾಲು ಈಗ ಹ್ಯಾಂಗ ಐತಿ?"

ಸಂಗಯ್ಯನಿಗೆ ಗೊತ್ತಿರಲಿಲ್ಲ.